ಆ 'ಆರ್' ನಿಮ್ಮ ತಂದೆಯವರ ಮೈಯದ್ದಲ್ಲ, ಬ್ಯಾಕ್ಟೀರಿಯಾದ್ದು

ತಂದೆಯವರ ಆಪರೇಷನ್ ಗಾಯದ ಕಲ್ಚರ್ (ಸ್ಯಾಂಪಲ್ ತೆಗೆದು ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ರಿಪೋರ್ಟಿನಲ್ಲಿ ಎಂಆರ್‌ಎಸ್‌ಎ (ಮೆತಿಸಿಲಿನ್ ಔಷಧಿಗೆ ಬಗ್ಗದ ಸ್ಟ್ಯಾಫಿಲೊಕಾಕಸ್ ಆರಿಯಸ್ ಬ್ಯಾಕ್ಟೀರಿಯಾ) ಎಂದಿದೆ, ಹಲವು ಔಷಧಿಗಳ ಮುಂದೆ 'ಆರ್' (ರೆಸಿಸ್ಟೆಂಟ್, ಅಂದರೆ ಬಗ್ಗದ್ದು) ಇದೆ, ಇನ್ನು ಅವರ ಮೈಗೆ ಆಂಟಿಬಯೋಟಿಕ್ ನಾಟುವುದೇ ಇಲ್ಲವೇ ಎಂದು ಕೇಳಿದ್ದೀರಿ. ಹಾಗಲ್ಲ. ಔಷಧಿಗೆ ಬಗ್ಗದಿರುವುದು ಅವರ ಮೈಯಲ್ಲ, ಗಾಯದಲ್ಲಿ ಸೇರಿಕೊಂಡ ಬ್ಯಾಕ್ಟೀರಿಯಾ.

ಪೆನಿಸಿಲಿನ್ ಗುಂಪಿನ ಔಷಧಿಗಳು ಬ್ಯಾಕ್ಟೀರಿಯಾದ ಕೋಶಗೋಡೆ ಕಟ್ಟುವ ಪ್ರೋಟೀನಿಗೆ ಅಂಟಿಕೊಂಡು ಅದರ ಕೆಲಸ ನಿಲ್ಲಿಸುತ್ತವೆ. ಎಂಆರ್‌ಎಸ್‌ಎಯಲ್ಲಿ ಸಾಮಾನ್ಯವಾಗಿ ಮೆಕ್‌ಎ ಎಂಬ ಜೀನ್ ಇರುತ್ತದೆ. ಅದು ಬೇರೊಂದು ಪ್ರೋಟೀನ್ ತಯಾರಿಸುತ್ತದೆ. ಔಷಧಿಗೆ ಅಲ್ಲಿ ಹಿಡಿತ ಸಿಗುವುದಿಲ್ಲ, ಗೋಡೆ ಕಟ್ಟುವ ಕೆಲಸ ನಡೆದೇ ಇರುತ್ತದೆ. ಇದೇ ಪೆನಿಸಿಲಿನ್ ಗುಂಪಿನ ಮೆತಿಸಿಲಿನ್ ಬಳಕೆಗೆ ಬಂದದ್ದು 1959ರಲ್ಲಿ. ಅದಕ್ಕೆ ಬಗ್ಗದ ತಳಿ ಇಂಗ್ಲೆಂಡಿನಲ್ಲಿ ವರದಿಯಾದದ್ದು 1961ರಲ್ಲಿ. ಎರಡೇ ವರ್ಷ, ನೋಡಿ!

ನೀವು ಗಮನಿಸಬೇಕಾದದ್ದು 'ಎಸ್' (ಸೆನ್ಸಿಟಿವ್, ಅಂದರೆ ಬ್ಯಾಕ್ಟೀರಿಯಾ ಬಗ್ಗುವ ಔಷಧಿ) ಇರುವ ಸಾಲುಗಳನ್ನು. ವ್ಯಾಂಕೋಮೈಸಿನ್, ಲಿನೆಜೋಲಿಡ್ ಮುಂತಾದವು ಹೆಚ್ಚಾಗಿ ಅಲ್ಲಿರುತ್ತವೆ. ಯಾವುದು ಸೂಕ್ತ ಎಂಬುದು ಮೂತ್ರಪಿಂಡದ ಸ್ಥಿತಿ, ಅವರು ತೆಗೆದುಕೊಳ್ಳುತ್ತಿರುವ ಬೇರೆ ಮಾತ್ರೆಗಳನ್ನು ನೋಡಿ ವೈದ್ಯರೇ ಹೇಳಬೇಕು.

ಒಂದು ಪ್ರಶ್ನೆಯನ್ನು ಮಾತ್ರ ತಪ್ಪದೆ ಕೇಳಿ: ಸ್ಯಾಂಪಲ್ ತೆಗೆದದ್ದು ಗಾಯದ ಮೇಲ್ಮೈಯಿಂದಲೋ, ಒಳಗಿನ ಕೀವಿನಿಂದಲೋ? ಮೇಲ್ಮೈಯಲ್ಲಿ ಸುಮ್ಮನೆ ಕೂತ ಬ್ಯಾಕ್ಟೀರಿಯಾ ಕೂಡ ಕಲ್ಚರ್‌ನಲ್ಲಿ ಬೆಳೆಯುತ್ತದೆ. ಗಾಯ ಕೆಂಪಾಗಿಲ್ಲ, ಊತವಿಲ್ಲ, ಜ್ವರವಿಲ್ಲ ಎಂದಾದರೆ ಆಂಟಿಬಯೋಟಿಕ್ ಬೇಡವೆಂದೇ ವೈದ್ಯರು ಹೇಳಬಹುದು. ಒಳಗೆ ಕೀವು ಕಟ್ಟಿದ್ದರೆ ಅದನ್ನು ತೆಗೆದು ಸ್ವಚ್ಛ ಮಾಡದೆ ಬರೀ ಇಂಜೆಕ್ಷನ್ನಿನಿಂದ ಆಗುವುದು ಕಡಿಮೆ. ಡ್ರೆಸ್ಸಿಂಗ್ ಮುಟ್ಟುವ ಮೊದಲು, ಮುಟ್ಟಿದ ಮೇಲೆ ಕೈ ತೊಳೆಯಿರಿ, ನೀವೂ, ನೋಡಲು ಬರುವವರೂ.