ಇರುವ ಒಂದೇ ಫೋನಿಗೆ ಬೀಟಾ ಬೇಡ ತಮ್ಮಾ

ತಮ್ಮಾ, ಮ್ಯೂನಿಕ್‌ಗೆ ಬಂದು ಮೂರು ವಾರದಲ್ಲೇ ನಿನಗೆ ರೂಮು ಸಿಕ್ಕಿತು ಅಂತ ಓದಿ ಸಮಾಧಾನವಾಯಿತು. ಬಾಕಿ ಪ್ರಶ್ನೆಗಳಿಗೆ ಆಮೇಲೆ ಬರೆಯುತ್ತೇನೆ. "ಅಣ್ಣಾ, ಹುಬ್ಬಳ್ಳಿಯಲ್ಲಿದ್ದಾಗ ಫೋನಿಗೆ ಯಾವಾಗಲೂ ಬೀಟಾ ಹಾಕುತ್ತಿದ್ದೆ. ಇಲ್ಲೂ ಹಾಕಲಾ? ಆಲ್ಫಾ, ಬೀಟಾ, ಆರ್‌ಸಿ, ಇವನ್ನು ಎಷ್ಟು ನಂಬಬಹುದು?" ಅಂತ ಕೇಳಿದ್ದೀಯಲ್ಲ, ಅದಕ್ಕೆ ಮೊದಲು ಉತ್ತರ ಹೇಳಬೇಕು. ಇವೆಲ್ಲ ಪಕ್ಕಾ ಬಿಡುಗಡೆಗೆ ಮುಂಚೆ ಪರೀಕ್ಷೆಗೆ ಅಂತ ಬರುವ ಆವೃತ್ತಿಗಳ ಹೆಸರು. ಹಾಕಬೇಡ.

ನಾನು 2019ರಲ್ಲಿ ಧಾರವಾಡ ಬಿಟ್ಟು ಇಲ್ಲಿಗೆ ಬಂದವನು. ಎರಡನೇ ಬೇಸಿಗೆಯಲ್ಲಿ, ಇದ್ದ ಒಂದೇ ಫೋನಿಗೆ ಬೀಟಾ ಹಾಕಿದೆ. ಮೂರು ದಿನ ಛಲೋ ನಡೆಯಿತು. ತಿಂಗಳ ಕೊನೆಗೆ ಬಾಡಿಗೆ ಕಳಿಸಲು ಕೂತರೆ ಬ್ಯಾಂಕಿನ ಆ್ಯಪ್ ತೆರೆಯಲೇ ಇಲ್ಲ. ಒತ್ತಿದರೆ ಚಕ್ರ ಒಂದು ಸುತ್ತು ತಿರುಗಿ ಮುಚ್ಚಿಕೊಳ್ಳುತ್ತಿತ್ತು. ಹಳೆಯ ಆವೃತ್ತಿಗೆ ಹೋಗೋಣ ಅಂದರೆ ಫೋನ್ ಪೂರ್ತಿ ಅಳಿಸಬೇಕು. ಅಳಿಸಿದೆ. ಈಗ ಬ್ಯಾಂಕಿನ ಆ್ಯಪ್ ಹೊಸದಾಗಿ ಶುರು ಮಾಡಲು ಕೋಡ್ ಬೇಕು, ಆ ಕೋಡ್ ಬರುವುದು ಟಪಾಲಿನಲ್ಲಿ, ಕಾಗದದ ಮೇಲೆ. ಐದು ದಿನ ಸಂಜೆ ಸಂಜೆ ಕೆಳಗಿಳಿದು ಟಪಾಲಿನ ಡಬ್ಬಿ ತೆಗೆದು ನೋಡಿದೆ. ಮನೆ ಮಾಲಕಿಗೆ ನನ್ನ ಅರೆಬರೆ ಜರ್ಮನ್‌ನಲ್ಲಿ ಯಾಕೆ ತಡವಾಯಿತು ಅಂತ ಹೇಳುವಾಗ ಗಂಟಲು ಒಣಗಿತ್ತು.

ಊರಲ್ಲಾದರೆ ಫೋನ್ ಕೈಕೊಟ್ಟರೆ ಅಪ್ಪನ ಫೋನ್ ಇರುತ್ತದೆ. ಕಿರಾಣಿ ಅಂಗಡಿಯವರು "ನಾಳೆ ಕೊಡ್ರಿ" ಅಂತಾರೆ. ಇಲ್ಲಿ ನಿನ್ನ ರೈಲಿನ ಪಾಸು ಕೂಡ ಫೋನಿನಲ್ಲೇ ಇದೆ. ತಪಾಸಣೆಯವರಿಗೆ ತೋರಿಸಲಾಗದಿದ್ದರೆ 60 ಯೂರೋ ದಂಡದ ಚೀಟಿ ಕೊಡುತ್ತಾರೆ. ಪಾಸು ನಿನ್ನ ಹೆಸರಿನಲ್ಲಿದ್ದರೆ ಆಮೇಲೆ ತೋರಿಸಿ ದಂಡ ಕಡಿಮೆ ಮಾಡಿಸಿಕೊಳ್ಳಬಹುದು, ಆದರೆ ಆ ಓಡಾಟ ಯಾಕೆ ಬೇಕು?

ಈಗ ಹಂತಗಳ ಮಾತು. ಆಲ್ಫಾ ಅಂದರೆ ಕೆಲಸ ಇನ್ನೂ ಅರ್ಧ, ಇವತ್ತು ಇದ್ದ ಬಟನ್ ನಾಳೆ ಇರುವುದಿಲ್ಲ. ನೈಟ್ಲಿ ಅನ್ನುವುದು ಅಂದಂದಿನ ಬದಲಾವಣೆ ಸೇರಿಸಿ ದಿನವೂ ಕಟ್ಟುವ ಆವೃತ್ತಿ, ಮಾಡುವವರೇ ಅದನ್ನು ಪೂರ್ತಿ ಪರೀಕ್ಷಿಸಿರುವುದಿಲ್ಲ. ಬೀಟಾ ಹೊತ್ತಿಗೆ ಹೊಸದು ಸೇರಿಸುವುದು ಬಹುಪಾಲು ಮುಗಿದಿರುತ್ತದೆ, ಮಂದಿ ಕೈಗೆ ಕೊಟ್ಟು ತಪ್ಪು ಹುಡುಕುತ್ತಾರೆ. ನಮ್ಮ ಚಿಗರಿ ಬಸ್ಸು ನೆನಪಿಸಿಕೋ. 2018ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಓಡಲು ಶುರುವಾಯಿತು, ಉದ್ಘಾಟನೆ ಆಗಿದ್ದು 2020ರ ಫೆಬ್ರವರಿಯಲ್ಲಿ. ನಡುವೆ ನಾವೆಲ್ಲ ಹತ್ತಿ ಹುಬ್ಬಳ್ಳಿ-ಧಾರವಾಡ ಓಡಾಡಿದೆವಲ್ಲ, ಅದು ಬೀಟಾ. ಆರ್‌ಸಿ, ಅಂದರೆ ರಿಲೀಸ್ ಕ್ಯಾಂಡಿಡೇಟ್, ದೊಡ್ಡ ದೋಷ ಸಿಗದಿದ್ದರೆ ಇದನ್ನೇ ಬಿಡುಗಡೆ ಮಾಡುತ್ತೇವೆ ಅನ್ನುವ ಹಂತ.

ಆದರೆ ಹೆಸರು ನೋಡಿಯೇ ನಂಬಬೇಡ. ಜಿಮೇಲ್ 2004ರಿಂದ 2009ರವರೆಗೆ ಬೀಟಾ ಅಂತಲೇ ಹಾಕಿಕೊಂಡಿತ್ತು, ಅಷ್ಟರಲ್ಲಿ ಕೋಟ್ಯಂತರ ಜನ ಬಳಸುತ್ತಿದ್ದರು. ಲಿನಕ್ಸ್ ಕರ್ನಲ್‌ನಲ್ಲಿ, ಅಂದರೆ ಲಿನಕ್ಸ್ ಸಿಸ್ಟಮ್‌ನ ತಿರುಳಿನಲ್ಲಿ, ಉಲ್ಟಾ. ಅಲ್ಲಿ ಆರ್‌ಸಿ 1 ಅಂದರೆ ಹೊಸ ಕೋಡ್ ಆಗಷ್ಟೇ ಬಂದು ಬಿದ್ದಿರುತ್ತದೆ. ವಾರಕ್ಕೊಂದರಂತೆ ಸಾಮಾನ್ಯವಾಗಿ ಆರ್‌ಸಿ 7 ಅಥವಾ 8ರವರೆಗೆ ಹೋಗಿ ಆಮೇಲೆ ಬಿಡುಗಡೆ. ಅದಕ್ಕೇ ನಾನು ಮೊದಲು ನೋಡುವುದು ಒಂದೇ: ಕೆಟ್ಟರೆ ವಾಪಸ್ ಹೋಗಲು ದಾರಿ ಇದೆಯಾ? ಲ್ಯಾಪ್‌ಟಾಪಿನಲ್ಲಿ ಫೈರ್‌ಫಾಕ್ಸ್ ಬ್ರೌಸರಿನ ನೈಟ್ಲಿ ಹಾಕು, ಪರವಾಗಿಲ್ಲ. ಅದು ಮಾಮೂಲಿ ಫೈರ್‌ಫಾಕ್ಸ್ ಪಕ್ಕದಲ್ಲೇ ಬೇರೆಯಾಗಿ ಇರುತ್ತದೆ, ಬೇಡವಾದರೆ ತೆಗೆದರಾಯಿತು. ಫೋನಿನ ಇಡೀ ಸಿಸ್ಟಮ್ ಹಾಗಲ್ಲ. ಐಫೋನಿನಲ್ಲಿ ಬೀಟಾ ಇದ್ದಾಗ ತೆಗೆದ ಬ್ಯಾಕಪ್ ಹಳೆಯ ಆವೃತ್ತಿಗೆ ಹಾಕಲು ಬಾರದೇ ಹೋಗಬಹುದು. ಆಂಡ್ರಾಯ್ಡ್‌ನಲ್ಲೂ ಬೀಟಾದಿಂದ ಹಿಂದಕ್ಕೆ ಬರಬೇಕಾದರೆ ಸಾಮಾನ್ಯವಾಗಿ ಎಲ್ಲ ಅಳಿಸಿಯೇ ಬರಬೇಕು.

ಹೊಸದು ನೋಡುವ ಆಸೆ ನನಗೂ ಇದೆ. ನನ್ನ ಹತ್ತಿರ ಎರಡು ವರ್ಷ ಹಳೆಯ ಫೋನ್ ಸುಮ್ನೆ ಬಿದ್ದಿದೆ. ಶನಿವಾರ ಮನೆಗೆ ಬಾ, ತಗೊಂಡು ಹೋಗು. ಸಿಮ್ ಹಾಕಬೇಡ, ಬ್ಯಾಂಕಿನ ಆ್ಯಪ್ ಹಾಕಬೇಡ, ಬೀಟಾ ಎಷ್ಟು ಬೇಕಾದರೂ ಹಾಕು. ಊಟ ಇಲ್ಲೇ. ಅವ್ವ ಕಳಿಸಿದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಇನ್ನೂ ಇವೆ.