ಪುಣೆ ಹತ್ತಿರದ ವಾಘೋಲಿ ಕ್ವಾರಿಯ ಕಲ್ಲಲ್ಲಿ ಪುಟ್ಟ ನೀಲಿ ಹರಳುಗಳಿವೆ. ಇವು ಕಾವನ್ಸೈಟ್ ಅನ್ನೋ ಖನಿಜವೋ, ಅದರಂತೆಯೇ ಕಾಣುವ ಪೆಂಟಗೊನೈಟೋ? ಹೇಗೆ ಗುರುತಿಸೋದು?

ಬಣ್ಣ ನೋಡಿ ಹೇಳೋಕಾಗಲ್ಲ. ಎರಡರಲ್ಲೂ ಇರುವುದು ಅದೇ ಕ್ಯಾಲ್ಸಿಯಂ, ವನೇಡಿಯಂ, ಸಿಲಿಕಾ, ನೀರು, ಅದೂ ಅದೇ ಪ್ರಮಾಣದಲ್ಲಿ, ಹಾಗಾಗಿ ಕೆಮಿಕಲ್ ಟೆಸ್ಟ್ ಮಾಡಿಸಿದರೂ ದುಡ್ಡು ದಂಡ. ಪರಮಾಣುಗಳ ಜೋಡಣೆ ಮಾತ್ರ ಬೇರೆ. 10ಎಕ್ಸ್ ಲೂಪ್ (ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಪುಟ್ಟ ಭೂತಗನ್ನಡಿ) ಹಿಡಿದು ಆಕಾರ ನೋಡಿ. ಸೂಜಿಯಂಥ ಹರಳುಗಳು ಒತ್ತೊತ್ತಾಗಿ ಸೇರಿ ಕದಂಬದ ಹೂವಿನಂತೆ ಉಂಡೆಯಾಗಿದ್ದರೆ ಬಹುಪಾಲು ಕಾವನ್ಸೈಟ್. ಬಿಡಿಬಿಡಿಯಾಗಿ ಚೂಪಾಗಿ ನಿಂತಿದ್ದರೆ ಅನುಮಾನ ಪಡಿ, ಒಂದರ ತುದಿಯನ್ನು ನೇರ ಮೇಲಿನಿಂದ ನೋಡಿ: ಐದು ಮೂಲೆಯ ನಕ್ಷತ್ರ ಕಂಡರೆ ಪೆಂಟಗೊನೈಟ್, ಅದೇ ಜಾಸ್ತಿ ಅಪರೂಪ. ಆದರೂ ಖಾತ್ರಿ ಬೇಕಂದ್ರೆ ಲ್ಯಾಬ್‌ನಲ್ಲಿ ಈ ಜೋಡಣೆಯ ವ್ಯತ್ಯಾಸ ತೋರಿಸುವ ಎಕ್ಸ್-ರೇ ಡಿಫ್ರಾಕ್ಷನ್ ಅಥವಾ ರಾಮನ್ ಟೆಸ್ಟ್ ಮಾಡಿಸಬೇಕು.

ಸುಮ್ನೆ ಬ್ರಷ್ ಹಾಕಿ ಉಜ್ಜಬೇಡಿ, ಸೂಜಿಗಳು ಉದುರುತ್ತವೆ. ಆಸಿಡ್ ಅಂತೂ ಬೇಡವೇ ಬೇಡ, ಹರಳುಗಳ ಜೊತೆಗೆ ಕ್ಯಾಲ್ಸೈಟ್ ಅನ್ನೋ ಖನಿಜ ಇದ್ದರೆ ಅದು ಕರಗಿಹೋಗುತ್ತದೆ.