ವೈದ್ಯರು ಬರೆದುಕೊಟ್ಟ ಭಂಗಿ ಎಲೆಯ ಔಷಧಿಗಾಗಿ ಕೆಲಸದಿಂದ ವಜಾ ಮಾಡಿದರೆ ಪ್ರಶ್ನಿಸಬಹುದೇ?

ನೀವು ಯಾದಗಿರಿಯ ಕಡೇಚೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಆಪರೇಟರ್ ಆಗಿದ್ದಿರಿ, ಸೊಂಟದ ನರದ ನೋವಿಗೆ ಆಯುರ್ವೇದ ವೈದ್ಯರು ವಿಜಯಾ, ಅಂದರೆ ಭಂಗಿ ಎಲೆಯ ಔಷಧಿ ಬರೆದುಕೊಟ್ಟಿದ್ದರು, ಕಳೆದ ತಿಂಗಳು ದಿಢೀರನೆ ಮೂತ್ರ ಪರೀಕ್ಷೆ ಮಾಡಿಸಿ ‘ಗಾಂಜಾ ಪಾಸಿಟಿವ್’ ಎಂದು ಮೂರೇ ದಿನದಲ್ಲಿ ವಜಾ ಪತ್ರ ಕೊಟ್ಟರು ಎಂದು ಬರೆದಿದ್ದೀರಿ. ಅಮೆರಿಕದ ನ್ಯಾಯಾಲಯವೊಂದು ಇಂಥದೇ ಪ್ರಕರಣದಲ್ಲಿ ನೌಕರರ ಪರ ನಿಂತಿದ್ದನ್ನು ಓದಿ, ಇಲ್ಲಿಯೂ ಹಾಗಾದೀತೇ ಎಂದು ಕೇಳಿದ್ದೀರಿ. ವಜಾ ಆದೇಶವನ್ನು ಪ್ರಶ್ನಿಸಬಹುದು, ಗೆಲ್ಲಲೂ ಬಹುದು. ನಾನು ವಕೀಲನಲ್ಲ. ಹುಮನಾಬಾದ ಕಡೆಯ ಕಾರ್ಖಾನೆಯೊಂದರಿಂದ 2019ರಲ್ಲಿ ಇದೇ ಕಾರಣಕ್ಕೆ ವಜಾಗೊಂಡು, ಕಲಬುರಗಿಯ ಕಾರ್ಮಿಕ ನ್ಯಾಯಾಲಯಕ್ಕೆ ನಾಲ್ಕು ವರ್ಷ ಓಡಾಡಿ, ಮತ್ತೆ ಅದೇ ಗೇಟಿನೊಳಗೆ ಹೋದವನು.

ಅಮೆರಿಕದ ತೀರ್ಪುಗಳನ್ನು ಬದಿಗಿಡಿ. ಮ್ಯಾಸಚೂಸೆಟ್ಸ್ ರಾಜ್ಯದ ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ನೌಕರರ ಪರ ಹೇಳಿದ್ದು ನಿಜ. ಆದರೆ 2015ರಲ್ಲಿ ಕೊಲೊರಾಡೊ ರಾಜ್ಯದ ಸರ್ವೋಚ್ಚ ನ್ಯಾಯಾಲಯ, ಗಾಲಿಕುರ್ಚಿಯಲ್ಲಿದ್ದ ನೌಕರರೊಬ್ಬರ ವಿರುದ್ಧವೇ ತೀರ್ಪು ಕೊಟ್ಟಿತು. ಅವೆರಡೂ ಅಲ್ಲಿನ ರಾಜ್ಯ ಕಾನೂನುಗಳ ಮೇಲೆ ನಿಂತ ತೀರ್ಪುಗಳು. ನಮ್ಮಲ್ಲಿ ಪ್ರಕರಣ ನಿಲ್ಲುವುದು ಬೇರೆ ನೆಲದ ಮೇಲೆ: ನೀವು ದುರ್ನಡತೆ ಮಾಡಿದ್ದೀರಿ ಎಂಬುದನ್ನು ಕಂಪನಿ ಸರಿಯಾದ ವಿಚಾರಣೆ ನಡೆಸಿ ರುಜುವಾತು ಮಾಡಿದೆಯೇ? ಇದೊಂದನ್ನು ಕೈಬಿಡಬೇಡಿ. ಗಾಂಜಾ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಗೆ ನಿಮ್ಮನ್ನು ಎಳೆಯುತ್ತಾರೆ, ಅದಕ್ಕೆ ಹೋಗಬೇಡಿ.

ನನಗೆ ಸರ್ಪಸುತ್ತು ಆಗಿ ವಾಸಿಯಾದ ಮೇಲೂ ಪಕ್ಕೆಯ ಉರಿ ಹೋಗಿರಲಿಲ್ಲ, ಅಂಗಿ ತಾಗಿದರೂ ಬೆಂಕಿ ಸೋಕಿದಂತಾಗುತ್ತಿತ್ತು. ಮೊದಲು ಕೊಟ್ಟ ನರದ ಮಾತ್ರೆಗಳಿಂದ ಪಾಳಿಯಲ್ಲಿ ಕಣ್ಣು ಎಳೆಯುತ್ತಿತ್ತು. ಆಗ ಯಾರೂ ನನ್ನನ್ನು ಪರೀಕ್ಷಿಸಲಿಲ್ಲ. ಆಮೇಲೆ ಕಲಬುರಗಿಯ ಆಯುರ್ವೇದ ವೈದ್ಯರೊಬ್ಬರು ರಾತ್ರಿ ಊಟದ ನಂತರ ಮಾತ್ರ ತೆಗೆದುಕೊಳ್ಳಲು ವಿಜಯಾ ಎಲೆಯ ಔಷಧಿ ಬರೆದರು, ಬೆಳಗಿನ ಪಾಳಿಗೆ ತಲೆ ತಿಳಿಯಾಗಿ ಹೋಗತೊಡಗಿದೆ. ಪರೀಕ್ಷೆಯ ದಿನ ಪ್ರಥಮ ಚಿಕಿತ್ಸಾ ಕೋಣೆಯ ಮೇಜಿನ ಮೇಲೆ ಬೆರಳಗಲದ ಪ್ಲಾಸ್ಟಿಕ್ ಪಟ್ಟಿಯಿತ್ತು. ‘ಸಿ’ ಎಂದಿದ್ದ ಕಡೆ ಕೆಂಪು ಗೆರೆ ಮೂಡಿತು, ‘ಟಿ’ ಎಂದಿದ್ದ ಕಡೆ ಮೂಡಲಿಲ್ಲ; ಇಂಥ ಪಟ್ಟಿಯಲ್ಲಿ ‘ಟಿ’ ಗೆರೆ ಮೂಡದಿದ್ದರೆ ಪಾಸಿಟಿವ್ ಎಂದರ್ಥ. ಆ ಮೂಡದ ಗೆರೆಯೇ ನನ್ನ ಹದಿನೊಂದು ವರ್ಷದ ನೌಕರಿಯನ್ನು ತೆಗೆಯಿತು. ಮಾದರಿಯನ್ನು ದೃಢೀಕರಣಕ್ಕೆ ಕಳುಹಿಸದೆ ಚೆಲ್ಲಿಬಿಟ್ಟರು.

ನಿಮ್ಮ ಪ್ರಕರಣದ ಜೀವ ಈ ಪರೀಕ್ಷೆಯಲ್ಲಿದೆ. ಮೂತ್ರದಲ್ಲಿ ಹುಡುಕುವುದು ಅಮಲು ತರುವ ಟಿಎಚ್‌ಸಿಯನ್ನಲ್ಲ, ದೇಹವು ಅದನ್ನು ಒಡೆದ ಮೇಲೆ ಉಳಿಯುವ, ಅಮಲಿಲ್ಲದ ಒಂದು ಅಂಶವನ್ನು. ಟಿಎಚ್‌ಸಿ ಕೊಬ್ಬಿನಲ್ಲಿ ಸೇರಿ ನಿಧಾನವಾಗಿ ಹೊರಬರುವುದರಿಂದ ಆ ಅಂಶ ದಿನವೂ ಔಷಧಿ ತೆಗೆದುಕೊಳ್ಳುವವರಲ್ಲಿ ನಿಲ್ಲಿಸಿದ ಮೇಲೂ ವಾರಗಟ್ಟಲೆ ಕಾಣಿಸಬಹುದು. ಸಾಮಾನ್ಯವಾಗಿ ಪಟ್ಟಿಯ ಮಿತಿ ಮಿಲಿಲೀಟರಿಗೆ 50 ನ್ಯಾನೊಗ್ರಾಂ. ಅದು ಪ್ರಾಥಮಿಕ ತಪಾಸಣೆ ಮಾತ್ರ, ಬೇರೆ ಔಷಧಿಗಳಿಂದಲೂ ತಪ್ಪು ಪಾಸಿಟಿವ್ ಬರುವುದುಂಟು, ಆದ್ದರಿಂದಲೇ ಗ್ಯಾಸ್ ಕ್ರೊಮ್ಯಾಟೊಗ್ರಫಿ ಮತ್ತು ಮಾಸ್ ಸ್ಪೆಕ್ಟ್ರೊಮೆಟ್ರಿ ಎಂಬ ಪ್ರಯೋಗಾಲಯದ ನಿಖರ ಪರೀಕ್ಷೆಯಿಂದ ದೃಢಪಡಿಸಿಕೊಳ್ಳಬೇಕಾಗುತ್ತದೆ. ದೃಢಪಟ್ಟರೂ ಅದು ಹೇಳುವುದು ಔಷಧಿ ಯಾವಾಗಲೋ ದೇಹ ಸೇರಿತ್ತು ಎಂಬುದನ್ನೇ. ಪಾಟೀ ಸವಾಲಿನಲ್ಲಿ ನನ್ನ ವಕೀಲರು ಕಂಪನಿಯ ವೈದ್ಯರನ್ನು, ಆ ದಿನ ಬೆಳಿಗ್ಗೆ ಆರು ಗಂಟೆಗೆ ಈತನಿಗೆ ಅಮಲಿತ್ತೆಂದು ಈ ವರದಿಯಿಂದ ಹೇಳಬಲ್ಲಿರಾ ಎಂದು ಕೇಳಿದರು. ವೈದ್ಯರು ಪ್ರಾಮಾಣಿಕರು, ಸ್ವಲ್ಪ ಹೊತ್ತು ಕಾಗದ ನೋಡಿ, ಹೇಳಲಾಗದು ಎಂದರು. ಕಂಪನಿಯ ಸ್ಥಾಯಿ ಆದೇಶದಲ್ಲಿ, ಅಂದರೆ ಕೆಲಸದ ಷರತ್ತು ಮತ್ತು ಶಿಸ್ತಿನ ನಿಯಮಗಳ ಲಿಖಿತ ದಾಖಲೆಯಲ್ಲಿ, ದುರ್ನಡತೆ ಎಂದು ಬರೆದಿದ್ದದ್ದು ಕೆಲಸದ ವೇಳೆಯಲ್ಲಿ ಅಮಲಿನಲ್ಲಿರುವುದನ್ನು. ಸ್ಥಾಯಿ ಆದೇಶದಲ್ಲಿ ಹೆಸರಿಸದ ನಡತೆಗೆ ಶಿಕ್ಷೆ ಕೊಡುವಂತಿಲ್ಲ ಎಂದು ಸುಪ್ರೀಂ ಕೋರ್ಟು 1983ರಲ್ಲಿ ಗ್ಲ್ಯಾಕ್ಸೊ ಲ್ಯಾಬೊರೇಟರೀಸ್ ಪ್ರಕರಣದಲ್ಲಿ ಹೇಳಿದೆ. ನಿಮ್ಮ ಕಾರ್ಖಾನೆಯ ಸ್ಥಾಯಿ ಆದೇಶದ ಪ್ರತಿಯನ್ನು ಇಂದೇ ಹುಡುಕಿ.

ಇನ್ನು ಔಷಧಿ ಕಾನೂನುಬದ್ಧವೇ ಎಂಬುದು. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ ವ್ಯಾಖ್ಯೆಯಲ್ಲಿ ಗಾಂಜಾ ಎಂದರೆ ಗಿಡದ ಹೂವು ಅಥವಾ ಕಾಯಿ ಬಿಟ್ಟ ತುದಿ. ತುದಿಯ ಜೊತೆಗಿಲ್ಲದ ಎಲೆ ಮತ್ತು ಬೀಜ ಅದರಲ್ಲಿ ಸೇರುವುದಿಲ್ಲ. ಆಯುರ್ವೇದದಲ್ಲಿ ವಿಜಯಾ ಎಲೆಗೆ ಸ್ಥಾನವಿದೆ, ಔಷಧ ನಿಯಮಗಳ ಇ-1 ಅನುಸೂಚಿಯಲ್ಲಿ, ಅಂದರೆ ವಿಷಾಂಶವುಳ್ಳ ಪದಾರ್ಥಗಳ ಪಟ್ಟಿಯಲ್ಲಿ, ಅದರ ಹೆಸರಿದೆ, ಅಂಥ ಔಷಧಿಯ ಲೇಬಲ್ಲಿನ ಮೇಲೆ ವೈದ್ಯರ ಮೇಲ್ವಿಚಾರಣೆಯಲ್ಲಿ ಸೇವಿಸಬೇಕೆಂಬ ಎಚ್ಚರಿಕೆ ಇರಲೇಬೇಕು. ಆ ಬಾಟಲಿಯನ್ನು ಎಸೆಯಬೇಡಿ. ಎಚ್ಚರಿಕೆಯ ಸಾಲು, ತಯಾರಕರ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ ಮೂರೂ ಕಾಣುವಂತೆ ಫೋಟೊ ತೆಗೆದು, ವೈದ್ಯರ ಚೀಟಿ ಮತ್ತು ಅಂಗಡಿಯ ಬಿಲ್ಲಿನ ಜೊತೆಗಿಡಿ. ಪರವಾನಗಿ ಸಂಖ್ಯೆಯೇ ಇಲ್ಲದ, ಯಾರೋ ಕೈಗಿತ್ತ ಎಣ್ಣೆಯಾಗಿದ್ದರೆ ಈ ವಾದವನ್ನು ಎತ್ತುವ ಮೊದಲು ವಕೀಲರಿಗೆ ಇದ್ದದ್ದನ್ನು ಇದ್ದಂತೆ ಹೇಳಿ, ಏಕೆಂದರೆ ಅದು ನಿಮ್ಮನ್ನೇ ತೊಂದರೆಗೆ ಸಿಲುಕಿಸಬಹುದು.

ಕಾಗದಪತ್ರಗಳಿಗಿಂತ ಮುಖ್ಯವಾದ ಒಂದು ಮಾತಿದೆ. ರಾಜೀನಾಮೆಗೆ ಸಹಿ ಮಾಡಬೇಡಿ. ನನ್ನನ್ನು ಸಿಬ್ಬಂದಿ ವಿಭಾಗದ ಕೋಣೆಯಲ್ಲಿ ಕೂರಿಸಿ, ಬಿಳಿ ಹಾಳೆಯೊಂದನ್ನು ಮುಂದೆ ತಳ್ಳಿ, ರಾಜೀನಾಮೆ ಬರೆದುಕೊಟ್ಟರೆ ಪೊಲೀಸರಿಗೆ ತಿಳಿಸುವುದಿಲ್ಲ, ಗ್ರಾಚ್ಯುಟಿಯೂ ಸಿಗುತ್ತದೆ ಎಂದರು. ಹಾಳೆಯ ಮೇಲೆ ಪೆನ್ನು ಮೊದಲೇ ಕ್ಯಾಪ್ ತೆಗೆದಿಟ್ಟಿತ್ತು. ಅಷ್ಟರಲ್ಲಿ ಚಹಾ ತಂದ ಹಿರಿಯ ಸಹೋದ್ಯೋಗಿಯೊಬ್ಬರು ಲೋಟ ಇಡುತ್ತಾ ಮೆಲ್ಲಗೆ, “ತಮ್ಮಾ, ಇವತ್ತ ಏನೂ ಬರಿಬ್ಯಾಡ, ಮೊದಲ ಮನಿಗಿ ಹೋಗು” ಎಂದರು. ಆ ಮಾತು ನನ್ನನ್ನು ಉಳಿಸಿತು. ರಾಜೀನಾಮೆ ಕೊಟ್ಟವರು ಆಮೇಲೆ ಅದನ್ನು ಬಲವಂತದಿಂದ ಪಡೆದದ್ದೆಂದು ತಾವೇ ಸಾಬೀತು ಮಾಡಬೇಕಾಗುತ್ತದೆ, ಅದು ಬಹಳ ಕಷ್ಟ. ವಜಾ ಆದರೆ ಸಾಬೀತಿನ ಹೊರೆ ಕಂಪನಿಯ ಹೆಗಲ ಮೇಲಿರುತ್ತದೆ.

ನಿಮಗೆ ಆರೋಪ ಪತ್ರವಾಗಲಿ, ಉತ್ತರಿಸಲು ಸಮಯವಾಗಲಿ, ವಿಚಾರಣಾಧಿಕಾರಿಯಾಗಲಿ ಇರಲಿಲ್ಲ ಎಂದಿದ್ದೀರಿ. ಅದು ದೊಡ್ಡ ಲೋಪವೇ. ಆದರೆ ಅದೊಂದರಿಂದಲೇ ಗೆದ್ದೆವೆಂದುಕೊಳ್ಳಬೇಡಿ. ವಿಚಾರಣೆ ನಡೆಸದ ಕಂಪನಿಗೂ ನ್ಯಾಯಾಲಯದಲ್ಲೇ ಆರೋಪವನ್ನು ರುಜುವಾತುಪಡಿಸಲು ಅವಕಾಶ ಕೇಳುವ ಹಕ್ಕಿದೆ, ನನ್ನ ಪ್ರಕರಣದಲ್ಲಿ ಕೇಳಿದರು, ಪಡೆದರು, ಆಗಲೇ ಆ ವೈದ್ಯರು ಸಾಕ್ಷಿಗೆ ಬಂದದ್ದು. ಈ ಹಾದಿ ಇರುವುದು ಕಾರ್ಮಿಕರಿಗೆ ಮಾತ್ರ, ಆದರೆ ನಿಮ್ಮ ಹುದ್ದೆಯ ಹೆಸರಿನಲ್ಲಿ ‘ಆಫೀಸರ್’ ಎಂದಿದ್ದರೂ ಗಾಬರಿಯಾಗಬೇಡಿ, ನೋಡುವುದು ನೀವು ನಿಜವಾಗಿ ಮಾಡುತ್ತಿದ್ದ ಕೆಲಸವನ್ನು.

ನಾನು ಹೋದದ್ದು 1947ರ ಕೈಗಾರಿಕಾ ವಿವಾದ ಕಾಯ್ದೆಯಡಿ: ಮೊದಲು ಕಾರ್ಮಿಕ ಇಲಾಖೆಯ ಸಂಧಾನ ಅಧಿಕಾರಿಗೆ ಅರ್ಜಿ, 45 ದಿನ ಕಳೆದರೂ ರಾಜಿಯಾಗದಿದ್ದಾಗ ನೇರ ನ್ಯಾಯಾಲಯಕ್ಕೆ. ಅದರಲ್ಲಿ ಮೂರು ವರ್ಷದ ಗಡುವಿತ್ತು. 2025ರ ನವೆಂಬರ್ 21ರಿಂದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂದಿದೆ, ಅದರಲ್ಲಿ ಸಂಧಾನಕ್ಕೆ ಎರಡು ವರ್ಷದ ಗಡುವು. ಸಂಧಾನ ಅಧಿಕಾರಿಯ ಬಾಗಿಲಿನಿಂದಲೇ ಆರಂಭಿಸುವುದು ಮಾತ್ರ ಬದಲಾಗಿಲ್ಲ. ಎರಡು ವರ್ಷವಿದೆಯೆಂದು ಕೂರದೆ ಈ ತಿಂಗಳೇ ಅರ್ಜಿ ಕೊಟ್ಟು ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ, ಪ್ರತಿಯನ್ನು ಕಂಪನಿಗೂ ನೋಂದಾಯಿತ ಅಂಚೆಯಲ್ಲಿ ಕಳುಹಿಸಿ. ಅರ್ಜಿಯಲ್ಲಿ ಮರುನೇಮಕ, ಸೇವಾ ನಿರಂತರತೆ, ಹಿಂಬಾಕಿ ವೇತನ ಮೂರನ್ನೂ ಕೇಳಿ; ಬೇರೆ ಕೆಲಸ ಸಿಕ್ಕಿಲ್ಲದಿದ್ದರೆ ಅದನ್ನೂ ಬರೆಯಿರಿ. ತಪ್ಪಾಗಿ ವಜಾಗೊಂಡವರಿಗೆ ಹಿಂಬಾಕಿ ವೇತನ ಸಹಜ ನಿಯಮ ಎಂದು ಸುಪ್ರೀಂ ಕೋರ್ಟು 2013ರಲ್ಲಿ ದೀಪಾಲಿ ಗುಂಡು ಸುರ್ವಸೆ ಪ್ರಕರಣದಲ್ಲಿ ಹೇಳಿದೆ, ಆದರೆ ತಾನು ನಿರುದ್ಯೋಗಿಯಾಗಿದ್ದೆನೆಂದು ನೌಕರ ಮೊದಲು ಹೇಳಿರಬೇಕು. ನಡುವೆ ಒಂದಷ್ಟು ತಿಂಗಳು ನಾನು ತೊಗರಿ ಬೇಳೆ ಗಿರಣಿಯೊಂದರಲ್ಲಿ ದಿನಗೂಲಿಗೆ ಹೋಗಿದ್ದೆ, ಅದನ್ನು ಮುಚ್ಚಿಡಲಿಲ್ಲ. ನನಗೆ ಅರ್ಧ ಹಿಂಬಾಕಿ ವೇತನ ಸಿಕ್ಕಿತು.

ಒಂದು ಕಡೆ ನಾನು ಎಡವಿದ್ದೆ, ಅದೇ ಪಾಟೀ ಸವಾಲಿನಲ್ಲಿ ನನಗೆ ಮುಳುವಾಗುವಂತಿತ್ತು: ಔಷಧಿಯ ವಿಷಯವನ್ನು ಮೇಲ್ವಿಚಾರಕರಿಗೆ ಮೊದಲೇ ತಿಳಿಸಿರಲಿಲ್ಲ. ನೀವು ವಾಟ್ಸ್ಆ್ಯಪ್‌ನಲ್ಲಿ ವೈದ್ಯರ ಚೀಟಿಯ ಫೋಟೊ ಕಳುಹಿಸಿದ್ದೆ ಎಂದು ಪ್ರಶ್ನೆಯ ಕೊನೆಯಲ್ಲಿ ಸುಮ್ಮನೆ ಒಂದು ಸಾಲು ಬರೆದಿದ್ದೀರಿ. ಅದು ಸಣ್ಣ ಸಂಗತಿಯಲ್ಲ. ಆ ಸಂದೇಶವನ್ನು ಅಳಿಸಬೇಡಿ, ಫೋನ್ ಬದಲಿಸಬೇಡಿ, ದಿನಾಂಕ ಮತ್ತು ವೇಳೆ ಕಾಣುವಂತೆ ಮುದ್ರಿಸಿ ಸಂಧಾನ ಅಧಿಕಾರಿಗೆ ಕೊಡುವ ಅರ್ಜಿಗೆ ಮೊದಲ ಲಗತ್ತಾಗಿ ಸೇರಿಸಿ.